ಜಿಡಿಪಿ ಬೆಳೀತು ಸರಿ, ಯಾರ ಮನೇಲಿ?

ಬೆಳವಣಿಗೆ ದರ ಬಂದಾಗೆಲ್ಲ ಟಿವಿಲಿ 7 ಪರ್ಸೆಂಟ್, 8 ಪರ್ಸೆಂಟ್ ಅಂತ ಓಡುತ್ತಲ್ಲ, ಆ ಒಂದೇ ನಂಬರ್ ನೋಡ್ಕೊಂಡು ಖುಷಿಪಡೋದು ನನ್ನಿಂದ ಆಗಲ್ಲ. ಯಾಕೆ ಅಂತ ಹೇಳ್ತೀನಿ.

ಹತ್ತು ಮನೆ ಇರೋ ಒಂದು ಊರು ಅಂದ್ಕೊಳ್ಳಿ. ಒಂಬತ್ತು ಮನೆಗೆ ತಿಂಗಳಿಗೆ 10,000 ರೂಪಾಯಿ, ಹತ್ತನೇ ಮನೆಗೆ 2 ಲಕ್ಷ, ಒಟ್ಟು 2,90,000. ಮುಂದಿನ ವರ್ಷ ದೊಡ್ಡ ಮನೆಗೆ ಮಾತ್ರ 15 ಪರ್ಸೆಂಟ್, ಅಂದ್ರೆ 30,000 ಜಾಸ್ತಿ ಆಯ್ತು, ಉಳಿದೋರಿಗೆ ಒಂದು ರೂಪಾಯೂ ಹೆಚ್ಚಲಿಲ್ಲ. ಊರಿನ ಬೆಳವಣಿಗೆ 10 ಪರ್ಸೆಂಟ್ ದಾಟುತ್ತೆ! ಅದೇ ಒಂದೊಂದು ಮನೆ ಎಷ್ಟೆಷ್ಟು ಬೆಳೀತು ಅಂತ ನೋಡಿ ಆ ಹತ್ತು ದರಗಳ ಸರಾಸರಿ ತೆಗೆದ್ರೆ ಬರೋದು 1.5 ಪರ್ಸೆಂಟ್. ಎರಡೂ ಸರಿಯಾದ ಲೆಕ್ಕನೇ, ಆದ್ರೆ ಮೊದಲನೇದ್ರಲ್ಲಿ ದುಡ್ಡಿಗೆ ತಕ್ಕ ತೂಕ, ಎರಡನೇದ್ರಲ್ಲಿ ಎಲ್ಲಾ ಮನೆಗೂ ಒಂದೇ ತೂಕ. 1974ರಲ್ಲೇ ಅರ್ಥಶಾಸ್ತ್ರಜ್ಞರಾದ ಹಾಲಿಸ್ ಚೆನರಿ, ನಮ್ಮ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ ಇವರೆಲ್ಲ ಈ ತೂಕದ ಪ್ರಶ್ನೆ ಎತ್ತಿದ್ರು, ಇವತ್ತಿಗೂ ಹೆಡ್‌ಲೈನಲ್ಲಿ ಬರೋದು ಮೊದಲನೇ ನಂಬರೇ.

ಎರಡನೇ ಥರ ಅಳೀಬೇಕು ಅಂದ್ರೆ ಮನೆಮನೆಗೆ ಹೋಗಿ ಕೇಳ್ಬೇಕು. 2011-12 ಆದ್ಮೇಲೆ ನಮ್ಮ ದೇಶದ ಬಳಕೆ ವೆಚ್ಚದ ಸಮೀಕ್ಷೆಯ ಅಂಕಿಅಂಶ ಮತ್ತೆ ಸಿಕ್ಕಿದ್ದು 2022-23ರಲ್ಲಿ ಮಾಡಿದ್ದರದ್ದೇ, ಯಾಕಂದ್ರೆ ಮಧ್ಯದಲ್ಲಿ ಮಾಡಿದ್ದ 2017-18ರದ್ದನ್ನ ಸರ್ಕಾರ ಬಿಡುಗಡೆನೇ ಮಾಡಲಿಲ್ಲ. 2022-23ರಲ್ಲಿ ಹಳ್ಳಿಯ ತೀರಾ ಕೆಳಗಿನ 5 ಪರ್ಸೆಂಟ್ ಜನರ ತಲಾ ಖರ್ಚು ತಿಂಗಳಿಗೆ 1,373 ರೂಪಾಯಿ, ನಗರದ ಮೇಲಿನ 5 ಪರ್ಸೆಂಟಿಗೆ 20,824. ಇದರಲ್ಲೂ ದೊಡ್ಡ ಶ್ರೀಮಂತರು ಸರಿಯಾಗಿ ಸಿಗಲ್ಲ. ಅದಕ್ಕೇ ಆ ಸಲ ನಗರದಲ್ಲಿ 10 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಕಾರ್ ಇರೋ ಮನೆಗಳನ್ನ ಬೇರೆ ಗುಂಪು ಮಾಡಿ ಅಲ್ಲಿಂದಲೂ ಮನೆ ಆರಿಸಿದ್ರು, ಒಳ್ಳೇ ಕೆಲಸ.

ನಮ್ಮ ಕರ್ನಾಟಕದಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಜಿಲ್ಲೆ ಬಿಟ್ಟು ತಾಲ್ಲೂಕು ಮಟ್ಟಕ್ಕೆ ಇಳಿದು ಯಾವುದು ಎಷ್ಟು ಹಿಂದುಳಿದಿದೆ ಅಂತ 35 ಸೂಚ್ಯಂಕ ಹಿಡಿದು ಅಳೆದಿದ್ದನ್ನ ನಾನು ತುಂಬಾ ಮೆಚ್ಚೋದು. 175ರಲ್ಲಿ 114 ತಾಲ್ಲೂಕು ಹಿಂದುಳಿದಿದ್ವು, ಕಲಬುರಗಿ ಕಡೆಯವು ಮಾತ್ರ ಅಲ್ಲ, ಬೆಂಗಳೂರಿನ ಮಗ್ಗುಲಲ್ಲೇ ಇರೋ ಮಾಗಡಿ, ಕನಕಪುರನೂ ಆ ಪಟ್ಟೀಲಿದ್ವು. ಜಿಲ್ಲೆ ಸರಾಸರಿ ಮಾತ್ರ ನೋಡಿದ್ರೆ ಇದು ಗೊತ್ತೇ ಆಗ್ತಿರಲಿಲ್ಲ.

ಇನ್ನೂ ಒಳಗೆ ಹೋದ್ರೆ ಮನೆ ಇದೆ. ಸಮೀಕ್ಷೆಯವರು ಐದು ಜನರ ಮನೆ ಖರ್ಚು 20,000 ಅಂದ್ರೆ ತಲೆಗೆ 4,000 ಅಂತ ಭಾಗಿಸ್ತಾರೆ, ಎಲ್ಲರಿಗೂ ಬಡಿಸಿ ಕೊನೇಲಿ ಉಳಿದಿದ್ದು ತಿನ್ನೋ ಅಮ್ಮನಿಗೂ 4,000, ಗಂಡಸರಿಗೂ 4,000. ಹೀಗಾದ್ರೆ ಹೆಂಗಸರಿಗೆ ಬೆಳವಣಿಗೇಲಿ ಏನು ಸಿಕ್ತು ಅಂತ ತಿಳಿಯೋದು ಹೇಗೆ? 2023ರಿಂದ ಗೃಹಲಕ್ಷ್ಮಿಯ 2,000 ಅವರ ಖಾತೆಗೇ ಬರ್ತಿದೆ, ಅದರಿಂದ ಅವರ ಊಟ, ಔಷಧಿ, ಬಟ್ಟೇಲಿ ಏನಾದ್ರೂ ಬದಲಾಯ್ತಾ ಅಂತ ನೋಡೋಕೆ ಮನೆಯೊಳಗೆ ಯಾರಿಗೆಷ್ಟು ಅಂತ ಕೇಳೋ ಸಮೀಕ್ಷೆನೇ ಬೇಕು, ಅದನ್ನ ನಮ್ಮ ರಾಜ್ಯದ ಆರ್ಥಿಕ ಸಮೀಕ್ಷೇಲಿ ಪ್ರತಿ ವರ್ಷ ಬೆಳವಣಿಗೆ ದರದ ಪಕ್ಕದಲ್ಲೇ, ತಾಲ್ಲೂಕುವಾರು ಹಾಕಬೇಕು.