ಮತಪೆಟ್ಟಿಗೆ ಮನೆಗೆ ಬಂತು, ಡಾಕ್ಟರ್ ಬರಲಿಲ್ಲ

2025 ಜನವರಿ 22, ಬುಧವಾರ

ಅಣ್ಣನ ಅಂಗವಿಕಲ ಪಿಂಚಣಿ ಮಂಜೂರಾಯಿತು. ತಿಂಗಳಿಗೆ 1,400 ರೂಪಾಯಿ. ನಾಡಕಚೇರಿಯ ಆದೇಶದ ಪ್ರತಿಯನ್ನು ನಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇವತ್ತು ಮನೆಗೇ ತಂದುಕೊಟ್ಟರು. ಅತ್ತಿಗೆ ಅದನ್ನು ಎರಡು ಸಲ ಓದಿದರು. "ಯೂರಿನ್ ಬ್ಯಾಗು, ಬ್ಯಾಂಡೇಜಿಗಾದರೂ ಆಯ್ತಲ್ಲ" ಅಂದರು.

ಸಂತೋಷ ಆಗಿದೆ, ನಿಜ. ಆದರೆ ಇಲ್ಲಿಗೆ ಬಂದ ದಾರಿಯನ್ನು ಇವತ್ತೇ ಬರೆದಿಡಬೇಕು ಅನಿಸಿತು. ಮನೆಯಲ್ಲಿ ಮಲಗಿದವರನ್ನು ಇಟ್ಟುಕೊಂಡು ಕಾಗದಕ್ಕಾಗಿ ಓಡಾಡುವವರು ನಾವೊಬ್ಬರೇ ಅಲ್ಲ.

ನಮ್ಮದು ಉತ್ತರ ಕನ್ನಡದಲ್ಲಿ ಘಟ್ಟದ ಮೇಲಿನ ಊರು. ಅಣ್ಣ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು. ಚಳಿಗಾಲ ಬಂತೆಂದರೆ ಬೆಳಗಿನಿಂದ ಸಂಜೆವರೆಗೆ ಅಡಿಕೆ ಮರದ ಮೇಲೇ ಇರುತ್ತಿದ್ದ. ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾ, ಕೊನೆ ಕೊಯ್ದು ಕೆಳಗೆ ಬಿಡುತ್ತಿದ್ದ. 2023ರ ಡಿಸೆಂಬರ್‌ನಲ್ಲಿ ಬಿದ್ದ. ಬೆನ್ನುಮೂಳೆ ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು. ಸೊಂಟದಿಂದ ಕೆಳಗೆ ಸ್ಪರ್ಶವೂ ಇಲ್ಲ, ಬಲವೂ ಇಲ್ಲ. ಮೂತ್ರಕ್ಕೆ ಪೈಪ್ ಹಾಕಿದ್ದಾರೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಹಾಸಿಗೆ ಹುಣ್ಣು ಆಗುತ್ತದೆ. ಆ ಕೆಲಸ ಅತ್ತಿಗೆಯದು, ರಾತ್ರಿ ಹೊತ್ತಿನಲ್ಲೂ.

ಪಿಂಚಣಿ ಸಿಗುತ್ತದೆ ಅಂತ ಮೊದಲು ಹೇಳಿದವರೂ ವಿಆರ್‌ಡಬ್ಲ್ಯೂ ಅವರೇ. ಅಂಗವಿಕಲರ ಕೆಲಸ ನೋಡಿಕೊಳ್ಳಲು ಪಂಚಾಯ್ತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಗೌರವಧನದ ಮೇಲೆ. ನಮ್ಮವರಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಒಂದು ಕಾಲು ಸಣ್ಣಗಾಗಿದೆ. ಆ ಕಾಲಲ್ಲೇ ಗುಡ್ಡ ಹತ್ತಿ ನಮ್ಮ ಮನೆಗೆ ಬಂದರು. ಬರುವಾಗಲೇ ಯಾವ ಯಾವ ಕಾಗದ ಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. "ಮೊದಲು ಯುಡಿಐಡಿ ಕಾರ್ಡ್ ಆಗಬೇಕು ತಂಗೀ, ಉಳಿದಿದ್ದೆಲ್ಲ ಅದರ ಬಾಲ ಹಿಡಿದು ಬರ್ತದೆ" ಅಂದರು.

ಯುಡಿಐಡಿ ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಅವರು ಹೇಳಿದ್ದು ಸರಿ. ಎಷ್ಟು ಶೇಕಡಾ ವೈಕಲ್ಯ ಅಂತ ಡಾಕ್ಟರ್ ಬರೆಯಬೇಕು. ಅದು ಯುಡಿಐಡಿ ಕಾರ್ಡಿಗೆ ಬರಬೇಕು. ನಮ್ಮ ರಾಜ್ಯದಲ್ಲಿ 40ಕ್ಕಿಂತ ಕಡಿಮೆ ಇದ್ದರೆ ಪಿಂಚಣಿ ಇಲ್ಲ. 40ರಿಂದ 75ರೊಳಗೆ ಇದ್ದರೆ 800 ರೂಪಾಯಿ, ಅದಕ್ಕಿಂತ ಜಾಸ್ತಿ ಇದ್ದರೆ 1,400. ಬಸ್ ಪಾಸಿಗೂ, ಗಾಲಿಕುರ್ಚಿಗೂ ಅದೇ ಕಾರ್ಡ್ ಬೇಕು. ಹೀಗೆ ಎಲ್ಲವೂ ಡಾಕ್ಟರ ಎದುರಿನ ಒಂದು ತಪಾಸಣೆಗೆ ಬಂದು ನಿಲ್ಲುತ್ತದೆ. ಆ ಡಾಕ್ಟರ ಎದುರಿಗೆ ಅಣ್ಣನ ದೇಹವನ್ನು ತಲುಪಿಸುವುದು ಹೇಗೆ?

ಅರ್ಜಿ ಹಾಕುವುದು ಅಷ್ಟೇನೂ ಕಷ್ಟವಾಗಲಿಲ್ಲ. ಆಧಾರ್, ಫೋಟೋ, ಹುಬ್ಬಳ್ಳಿಯ ಡಿಸ್ಚಾರ್ಜ್ ಕಾಗದ ಸಾಕಾಯಿತು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮೊಬೈಲ್ ಹಿಡಿದು ಗುಡ್ಡದ ತುದಿಗೆ ಹೋಗಿ ಒಟಿಪಿ ತೆಗೆದುಕೊಂಡೆ. ಅದು ಇಲ್ಲಿ ಎಲ್ಲರ ಮನೆಯ ಕಥೆ, ಬಿಡಿ.

ಕಷ್ಟ ಶುರುವಾಗಿದ್ದು ತಪಾಸಣೆಗೆ ಹೊರಟಾಗ. ನಮ್ಮ ಮನೆಯಿಂದ ವಾಹನ ನಿಲ್ಲುವ ಜಾಗಕ್ಕೆ ತೋಟದೊಳಗಿನ ಕಾಲುದಾರಿ. ನಡುವೆ ಹಳ್ಳ. ಹಳ್ಳಕ್ಕೆ ಅಡಿಕೆ ದಬ್ಬೆಯ ಕಾಲುಸಂಕ. ಅಲ್ಲಿಯವರೆಗೆ ಕಂಬಳಿಯಲ್ಲಿ ಜೋಲಿ ಕಟ್ಟಿ ಅಣ್ಣನನ್ನು ಹೊರಬೇಕು. ಸಂಕದ ಮೇಲೆ ಇಬ್ಬರು ಅಕ್ಕಪಕ್ಕ ನಡೆಯಲಾಗದು. ಹಿಂದೊಬ್ಬರು, ಮುಂದೊಬ್ಬರು, ಕೆಳಗೆ ನೀರಲ್ಲಿ ನಿಂತು ಆಸರೆ ಕೊಡಲು ಮತ್ತೊಬ್ಬರು. ಮಳೆ ಹಿಡಿಯುವ ಮೊದಲೇ ಆಗಲಿ ಅಂತ ಜೂನ್ ಮೊದಲಲ್ಲೇ ಹೊರಟೆವು. ತಾಲ್ಲೂಕು ಆಸ್ಪತ್ರೆಗೆ ಹೋದರೆ ಮೂಳೆ ಡಾಕ್ಟರ್ ಇರಲಿಲ್ಲ. ಬೇರೆ ಕಡೆ ನಿಯೋಜನೆ ಮೇಲೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಅಂದರು. ಮೊದಲೇ ಫೋನ್ ಮಾಡಿ ಕೇಳಿದ್ದಾಗ "ಬನ್ನಿ" ಅಂದವರೂ ಅಲ್ಲಿಯವರೇ.

ಅವತ್ತು ವಾಪಸ್ ಬಂದ ಮೇಲೆ ಅಣ್ಣನ ಬೆನ್ನ ಕೆಳಗಿನ ಹುಣ್ಣು ಬಾಯಿ ಬಿಟ್ಟಿತ್ತು. ಓಮ್ನಿಯ ಸೀಟಿನಲ್ಲಿ ಅಷ್ಟು ಹೊತ್ತು ಒತ್ತಿ ಕೂತಿದ್ದಕ್ಕೆ. ಅವನಿಗೆ ನೋವು ಗೊತ್ತಾಗುವುದಿಲ್ಲ. ಅದೇ ಅಪಾಯ. ಬಟ್ಟೆಗೆ ರಕ್ತ ಹತ್ತಿದ್ದನ್ನು ಅತ್ತಿಗೆ ನೋಡಿದ ಮೇಲೇ ನಮಗೆ ತಿಳಿದದ್ದು. ಆ ಗಾಯ ಒಣಗಲು ಮಳೆಗಾಲವೆಲ್ಲ ಬೇಕಾಯಿತು. ಉಪಕೇಂದ್ರದ ಸಿಸ್ಟರ್ ಮಳೆಯಲ್ಲೂ ನಡೆದು ಬಂದು ಡ್ರೆಸಿಂಗ್ ಮಾಡಿ ಹೋಗುತ್ತಿದ್ದರು. ಅವರ ಋಣ ದೊಡ್ಡದು.

ಕಾರ್ಡ್ ಸಿಗುವುದು ತಡವಾಯಿತು ಅನ್ನುವುದು ಒಂದು ಮಾತು. ಕಾರ್ಡಿಗಾಗಿ ಮಾಡಿದ ಪ್ರಯಾಣವೇ ಅವನ ಮೈಯನ್ನು ಇನ್ನಷ್ಟು ಕೆಡಿಸಿತು ಅನ್ನುವುದು ಬೇರೆ ಮಾತು. ನನಗೆ ಇವತ್ತಿಗೂ ಸಿಟ್ಟು ತರಿಸುವುದು ಈ ಎರಡನೆಯದು.

ಅರ್ಜಿಯನ್ನು ಜಿಲ್ಲಾಸ್ಪತ್ರೆಗೆ ಬದಲಾಯಿಸಿಕೊಂಡೆವು. ಅಂದರೆ ಕಾರವಾರ, ನಮ್ಮಿಂದ ನೂರು ಕಿಲೋಮೀಟರ್‌ಗೂ ಜಾಸ್ತಿ, ಘಟ್ಟ ಇಳಿದು ಹೋಗಬೇಕು. ಜುಲೈನಲ್ಲಿ ಹೊರಡುವ ಮಾತೇ ಇರಲಿಲ್ಲ. ಹಳ್ಳ ತುಂಬಿ ಸಂಕ ಮುಳುಗಿತ್ತು. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಎಷ್ಟು ಜೀವ ಹೋಯಿತು! ಆ ಸುದ್ದಿ ಕೇಳಿದ ಮೇಲೆ ಅವ್ವ, "ಮಳೆ ಮುಗಿಯೋವರೆಗೆ ಯಾರೂ ಘಟ್ಟ ಇಳೀಬೇಡಿ" ಅಂತ ಹಟ ಹಿಡಿದಳು. ನಾವೂ ಎದುರಾಡಲಿಲ್ಲ.

ನವೆಂಬರ್‌ನಲ್ಲಿ ಹೋದೆವು. ಓಮ್ನಿಯ ಹಿಂದಿನ ಸೀಟು ತೆಗೆಸಿ, ಏರ್ ಬೆಡ್ ಹಾಸಿ, ಅಣ್ಣನನ್ನು ಮಲಗಿಸಿಕೊಂಡೇ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದೆವು. ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ಮಗ್ಗಲು ಬದಲಿಸಿದೆವು. ಗಾಡಿ ಬಾಡಿಗೆ ಮೂರು ತಿಂಗಳ ಪಿಂಚಣಿಗಿಂತ ಜಾಸ್ತಿ ಆಯಿತು. ಬಸ್ಸಿನಲ್ಲಾದರೆ ನನಗೆ, ಅತ್ತಿಗೆಗೆ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತ. ಕಾರ್ಡ್ ಇರುವ ಅಂಗವಿಕಲರಿಗೂ ವರ್ಷಕ್ಕೆ 660 ರೂಪಾಯಿಯ ಪಾಸ್ ಇದೆ, ಮನೆಯಿಂದ ನೂರು ಕಿಲೋಮೀಟರ್‌ವರೆಗೆ ಓಡಾಡಬಹುದು. ಆದರೆ ಬಸ್ಸಿನ ಮೆಟ್ಟಿಲು ಹತ್ತಲಾಗದವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಕಾರವಾರದ ಡಾಕ್ಟರ್ ಒಳ್ಳೆಯವರು. ಅಣ್ಣನನ್ನು ಇಳಿಸಲು ಸ್ಟ್ರೆಚರ್ ಹುಡುಕುತ್ತಿದ್ದಾಗ, "ಬೇಡ, ಇಳಿಸಬೇಡಿ" ಅಂತ ತಾವೇ ಗಾಡಿಯ ಹತ್ತಿರ ಬಂದರು. ಕಾಲಿನ ಬೆರಳು ಅಲ್ಲಾಡಿಸಲು ಹೇಳಿದರು. ಸೂಜಿ ತುದಿ ತಾಗಿಸಿ ನೋಡಿದರು. ಸ್ಕ್ಯಾನ್ ಫಿಲ್ಮನ್ನು ಬಿಸಿಲಿಗೆ ಹಿಡಿದು ನೋಡಿದರು. ಆಪರೇಷನ್ ಕಾಗದ ಓದಿದರು. ಹತ್ತು ನಿಮಿಷವೂ ಆಗಲಿಲ್ಲ. ಡಿಸೆಂಬರ್‌ನಲ್ಲಿ ಅಂಚೆಯಲ್ಲಿ ಕಾರ್ಡ್ ಬಂತು, ನೀಲಿ ಪಟ್ಟಿಯದು. 80 ಮತ್ತು ಅದಕ್ಕಿಂತ ಮೇಲಿನವರಿಗೆ ನೀಲಿ, 40ರಿಂದ 80ರೊಳಗಿನವರಿಗೆ ಹಳದಿ, ಅದಕ್ಕಿಂತ ಕಡಿಮೆ ಇದ್ದರೆ ಬಿಳಿ.

ಗಾಡಿಯಲ್ಲಿ ಮಾಡಲು ಆಗುವ ತಪಾಸಣೆಯನ್ನು ಮನೆಯ ಜಗಲಿಯಲ್ಲಿ ಯಾಕೆ ಮಾಡಬಾರದು?

ಇದು ಬರೀ ನನ್ನ ಆಸೆ ಅಲ್ಲ. ಕಳೆದ ಮೇ ತಿಂಗಳ ಲೋಕಸಭಾ ಚುನಾವಣೆಯಲ್ಲಿ ನಾವೇ ಕಣ್ಣಾರೆ ನೋಡಿದ್ದೇವೆ. 85 ದಾಟಿದವರಿಗೆ, 40 ಶೇಕಡಾಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಇತ್ತು. ಕೆಳಗಿನ ಮನೆಯ ಅಜ್ಜಿಗಾಗಿ ಅಧಿಕಾರಿಗಳು, ಪೊಲೀಸರು, ವಿಡಿಯೋ ಮಾಡುವವರು ಎಲ್ಲರೂ ಅದೇ ಕಾಲುಸಂಕ ದಾಟಿ ಬಂದರು. ಜಗಲಿಯಲ್ಲಿ ರಟ್ಟಿನ ಮರೆ ಇಟ್ಟರು, ಅಜ್ಜಿ ಮತ ಹಾಕಿದರು, ಪೆಟ್ಟಿಗೆಗೆ ಬಿತ್ತು. ನಮ್ಮ ಮನೆ ಅಲ್ಲಿಂದ ಕೂಗಳತೆ. ಅಣ್ಣ ಹಾಸಿಗೆಯಿಂದಲೇ ಅವರ ಮಾತು ಕೇಳಿಸಿಕೊಂಡ. ಆದರೆ ಅವನ ಹತ್ತಿರ ವೈಕಲ್ಯದ ಪ್ರಮಾಣ ಪತ್ರ ಇರಲಿಲ್ಲ. ಹಾಗಾಗಿ ಆ ಚುನಾವಣೆಯಲ್ಲಿ ಅವನ ಮತ ಬೀಳಲಿಲ್ಲ.

ಪಿಂಚಣಿ ಅರ್ಜಿ ಹಾಕಿದ ಮೇಲೆ ಪರಿಶೀಲನೆಗೆ ಗ್ರಾಮ ಆಡಳಿತಾಧಿಕಾರಿಯೂ ಮನೆಗೆ ಬಂದರು. ಅಣ್ಣನನ್ನು ನೋಡಿ, ಅಕ್ಕಪಕ್ಕದವರನ್ನು ಕೇಳಿ ವರದಿ ಬರೆದರು. ಕಂದಾಯದವರು ಬರುತ್ತಾರೆ, ಚುನಾವಣೆಯವರು ಬರುತ್ತಾರೆ. ಬಿಪಿ, ಶುಗರ್ ಮನೆಗೇ ಬಂದು ನೋಡುವ ಗೃಹ ಆರೋಗ್ಯ ಯೋಜನೆ ಕಳೆದ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿದೆ. ಹಾಸಿಗೆ ಬಿಟ್ಟು ಏಳಲಾಗದವರ ವೈಕಲ್ಯ ಅಳೆಯಲು ಮಾತ್ರ ಅವರೇ ಆಸ್ಪತ್ರೆಗೆ ಬರಬೇಕು. ಇದು ಯಾವ ನ್ಯಾಯ?

ಡಾಕ್ಟರುಗಳು ಕಡಿಮೆ ಇದ್ದಾರೆ ಅನ್ನುವುದು ನನಗೂ ಗೊತ್ತು. ಒಬ್ಬ ಮೂಳೆ ಡಾಕ್ಟರು ಹಳ್ಳಿ ಹಳ್ಳಿ ತಿರುಗಿದರೆ ಆಸ್ಪತ್ರೆಯಲ್ಲಿ ಕಾಯುವವರ ಗತಿ ಏನು ಅಂತ ಕೇಳಬಹುದು. ಆದರೆ ಪೂರ್ತಿ ಮಲಗಿರುವವರು ಒಂದು ಪಂಚಾಯ್ತಿಯಲ್ಲಿ ಎಷ್ಟು ಮಂದಿ ಇದ್ದಾರು? ವಿಆರ್‌ಡಬ್ಲ್ಯೂ ಹತ್ತಿರ ಪಟ್ಟಿ ಇದೆ. ವರ್ಷದಲ್ಲಿ ಒಂದೆರಡು ದಿನ ಡಾಕ್ಟರಿಗೆ ಒಂದು ಗಾಡಿ ಕೊಟ್ಟು ಸುತ್ತಿಸಿದರೆ ಮುಗಿಯುವ ಕೆಲಸ. ಮಾನಸಿಕ ಕಾಯಿಲೆಯವರಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ಕ್ಲಿನಿಕ್ ಅಂತ ಮಾಡಿ, ತಜ್ಞರನ್ನೇ ತಾಲ್ಲೂಕಿಗೆ ಕಳಿಸುವ ಪದ್ಧತಿ ನಮ್ಮ ರಾಜ್ಯದಲ್ಲೇ ಇದೆ. ಅದೇ ರೀತಿ ಇನ್ನೊಂದು ಹೆಜ್ಜೆ ಮುಂದೆ ಬರಲಿ.

ದುಡ್ಡಿನ ಬಗ್ಗೆಯೂ ಒಂದು ಮಾತು. 80ಕ್ಕೂ ಹೆಚ್ಚು ಶೇಕಡಾ ವೈಕಲ್ಯ ಇರುವ ಬಡವರಿಗೆ ಕೇಂದ್ರ ಸರ್ಕಾರ ಕೊಡುವುದು ತಿಂಗಳಿಗೆ 300 ರೂಪಾಯಿ. 2012ರಿಂದ ಅದು ಹಾಗೇ ಇದೆ. ಅಕ್ಕಿ, ಎಣ್ಣೆ, ಔಷಧಿ ಯಾವುದರ ಬೆಲೆಯೂ 2012ರಲ್ಲಿ ನಿಂತಿಲ್ಲ. ಅಣ್ಣ ಸುಗ್ಗಿಯಲ್ಲಿ ಎರಡು ದಿನ ಮರ ಹತ್ತಿದರೆ ಈಗಿನ ಒಂದು ತಿಂಗಳ ಪಿಂಚಣಿ ದುಡಿಯುತ್ತಿದ್ದ. ಅತ್ತಿಗೆ ಕೂಲಿ ಬಿಟ್ಟು ಮನೆಯಲ್ಲಿ ನಿಂತರಲ್ಲ, ಆ ಕೂಲಿಯನ್ನು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ.

ಕಳೆದ ಅಕ್ಟೋಬರ್‌ನಲ್ಲಿ ಕೇಂದ್ರದ ನಿಯಮ ಬದಲಾಯಿತು. ಪ್ರಮಾಣ ಪತ್ರ ಕೊಡಲು ಮೊದಲು ಒಂದು ತಿಂಗಳ ಗಡುವು ಇತ್ತು. ಈಗ ಮೂರು ತಿಂಗಳು. ಗಡುವು ಉದ್ದವಾದದ್ದು ಆಸ್ಪತ್ರೆಗೆ. ಇಲ್ಲಿ ಹಾಸಿಗೆಯಲ್ಲಿ ಕಾಯುವವರಿಗೆ ಯಾರೂ ಏನನ್ನೂ ಸಡಿಲಿಸಿಲ್ಲ.

ಸಂಜೆ ವಿಆರ್‌ಡಬ್ಲ್ಯೂ ಹೊರಡುವಾಗ ಪಕ್ಕದ ಮಜರೆಯ ಮಗುವಿನ ವಿಷಯ ಹೇಳಿದರು. ಮೂರು ವರ್ಷವಾದರೂ ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಅಷ್ಟು ಸಣ್ಣ ಮಗುವಿಗೆ ಕಿವಿ ಕೇಳುತ್ತದೋ ಇಲ್ಲವೋ ನೋಡಲು ಬೆರಾ ಪರೀಕ್ಷೆ ಆಗಬೇಕು. ಅದರ ಯಂತ್ರ ತಾಲ್ಲೂಕಿನಲ್ಲಿ ಇಲ್ಲ. ಮಗುವಿನ ಅಪ್ಪ ಅಮ್ಮ ಇಬ್ಬರೂ ದಿನಗೂಲಿಯವರು. ನಾಳೆ ನಾನೂ ಅವರ ಮನೆಗೆ ಹೋಗುತ್ತೇನೆ. ಕಾಗದಗಳನ್ನು ಜೋಡಿಸಿಕೊಡಲು ಈಗ ನನಗೆ ಬರುತ್ತದೆ.

ಮುಂದಿನ ತಿಂಗಳು ಪಂಚಾಯ್ತಿಯಲ್ಲಿ ವಿಕಲಚೇತನರ ವಿಶೇಷ ಗ್ರಾಮಸಭೆ ಇದೆ. ಪಂಚಾಯ್ತಿ ತನ್ನ ಹಣದಲ್ಲಿ 5 ಶೇಕಡಾ ಅಂಗವಿಕಲರಿಗಾಗಿಯೇ ಖರ್ಚು ಮಾಡಬೇಕು. ಆ ಹಣದಲ್ಲಿ ತಪಾಸಣೆಗೆ ಹೋಗುವವರ ಗಾಡಿ ಬಾಡಿಗೆ ಕೊಡಿ ಅಂತ ಒಂದು ಅರ್ಜಿ ಬರೆದಿದ್ದೇನೆ. ಮಲಗಿದವರ ಮನೆಗೆ ಡಾಕ್ಟರನ್ನು ಕಳಿಸಿ ಅಂತ ಜಿಲ್ಲಾಧಿಕಾರಿಗಳಿಗೆ ಇನ್ನೊಂದು. ಎರಡಕ್ಕೂ ಅಣ್ಣನೇ ಮೊದಲ ಸಹಿ ಹಾಕಿದ್ದಾನೆ. ನಮ್ಮ ಪಂಚಾಯ್ತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಸಭೆಗೆ ಬನ್ನಿ, ನಿಮ್ಮ ಸಹಿಯೂ ಬೇಕು.