ಶಾಂಬಾ ಡೈರಿ 7: ನಾಲ್ಕನೇ ಬಾಂದುಕಲ್ಲು, 13 ಗುಂಟೆ ಮತ್ತು ಒಂದು ಮೇಕೆ

ಸಿಕ್ಕಿತು! ಕೀನ್ಯಾದ ಮಚಾಕೋಸ್‌ನಲ್ಲಿ ನಾನು ಕೊಳ್ಳುತ್ತಿರುವ ಶಾಂಬಾದ (ಅಂದರೆ ಹೊಲದ) ನಾಲ್ಕನೇ ಮೂಲೆ, ಐದು ವಾರದಿಂದ ಹುಡುಕುತ್ತಿದ್ದದ್ದು, ಶನಿವಾರ ಸಂಜೆ ಸಿಕ್ಕಿತು. ಕಲ್ಲಲ್ಲ, ಕಬ್ಬಿಣದ ಸರಳು. ಅದಕ್ಕೊಂದು ಮೇಕೆ ಕಟ್ಟಿಹಾಕಿದ್ದರು.

ಸರ್ಚು (ಜಮೀನಿನ ದಾಖಲೆ ತಪಾಸಣೆ), ವಕೀಲರು, ಕರಾರು ಇವೆಲ್ಲ ಹಳೆಯ ಕಂತುಗಳಲ್ಲಿ ಮುಗಿದ ಕತೆ. ಗ್ರೀನ್ ಕಾರ್ಡ್ ಶುದ್ಧವಾಗಿದೆ, ಸಾಲ ಇಲ್ಲ, ತಡೆ ಇಲ್ಲ, ಶೇ. 10 ಮುಂಗಡ ವಕೀಲರ ಕೈಯಲ್ಲಿದೆ. ಗ್ರೀನ್ ಕಾರ್ಡ್ ಅಂದರೆ ಕೀನ್ಯಾದಲ್ಲಿ ಜಮೀನಿನ ರಿಜಿಸ್ಟರ್ ಹಾಳೆ. "ಗ್ರೀನ್ ಕಾರ್ಡ್ ನೋಡಿ ಬಂದೆ" ಅಂತ ಫೋನಿನಲ್ಲಿ ಹೇಳಿದ್ದಕ್ಕೆ ನಮ್ಮಮ್ಮ ನಾನು ಅಮೆರಿಕಕ್ಕೆ ಹೊರಟೆ ಅಂತ ಇಡೀ ಬೀದಿಗೆ ಹೇಳಿದ್ದರು.

ಆದರೂ ಪ್ರತಿ ಕಂತಿಗೂ ಯಾರಾದರೊಬ್ಬರು ಕೇಳುತ್ತಾರೆ: "ಹೊರಗಿನವರು ಅಲ್ಲಿ ಹೊಲ ಕೊಳ್ಳಬಹುದಾ?" ಕೊಳ್ಳೋಕಾಗಲ್ಲ. 2010ರ ಸಂವಿಧಾನದ ಪ್ರಕಾರ ವಿದೇಶಿಯರಿಗೆ 99 ವರ್ಷ ಮೀರದ ಗೇಣಿ ಮಾತ್ರ. ಅದೂ ಕೃಷಿ ಜಮೀನಾದರೆ 1967ರ ಲ್ಯಾಂಡ್ ಕಂಟ್ರೋಲ್ ಕಾಯ್ದೆ ಅಡ್ಡ ಬರುತ್ತದೆ. ಮಾರಾಟ ಇರಲಿ, ಗೇಣಿಗೂ ಲ್ಯಾಂಡ್ ಕಂಟ್ರೋಲ್ ಬೋರ್ಡಿನ ಒಪ್ಪಿಗೆ ಬೇಕು, ಮತ್ತು ನಾಗರಿಕರಲ್ಲದವರಿಗೆ ಬೋರ್ಡು ಒಪ್ಪಿಗೆ ಕೊಡುವ ಹಾಗಿಲ್ಲ. ರಾಷ್ಟ್ರಪತಿಗಳಿಂದ ವಿನಾಯಿತಿ ತರಬೇಕು. ನಾನು ಕೀನ್ಯಾದ ನಾಗರಿಕನಾದ ಮೇಲೆ ಈ ತಲೆನೋವು ತಪ್ಪಿತು. ಆದರೆ ಇಂಡಿಯಾದ ಪಾಸ್‌ಪೋರ್ಟು ಹೋಯಿತು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡು ಬಂತು. ಓಸಿಐಯವರು ಇಂಡಿಯಾದಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಅತ್ತ ಕರ್ನಾಟಕದಲ್ಲಿ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದುಹಾಕಿದರು, ಬೇಸಾಯ ಗೊತ್ತಿಲ್ಲದವರೂ ಹೊಲ ಕೊಳ್ಳಬಹುದು. ಹಾಗಾಗಿ ರಾಗಿಗೂ ಸಾಸಿವೆಗೂ ವ್ಯತ್ಯಾಸ ತಿಳಿಯದ ನನ್ನ ಚಿಕ್ಕಪ್ಪನ ಮಗ ಹಿರಿಯೂರಿನಲ್ಲಿ ಎರಡೆಕರೆ ಕೊಂಡ. ಕುಂಟೆ ಹೊಡೆದು ಬೆಳೆದ ನಾನು ಮಚಾಕೋಸ್ ಬೆಟ್ಟದಲ್ಲಿ ಮೇಕೆ ಗೂಟ ಅಗೆಯುತ್ತಿದ್ದೇನೆ.

ಈಗ ವಿಷಯಕ್ಕೆ. ಮ್ಜೇ ಅವರ (ಇಲ್ಲಿ ಹಿರಿಯರನ್ನು ಹೀಗೇ ಕರೆಯುವುದು, ನಮ್ಮ 'ಯಜಮಾನರೇ' ಇದ್ದ ಹಾಗೆ) ಏಳೆಕರೆಯಿಂದ ಮೊದಲೇ ಒಡೆದಿಟ್ಟ ತುಂಡು ನನ್ನದಾಗಬೇಕು. ಪತ್ರದಲ್ಲಿ 0.81 ಹೆಕ್ಟೇರ್, ಅಂದರೆ ಎರಡೆಕರೆ. ಉದ್ದ 147 ಮೀಟರ್, ಅಗಲ 55 ಮೀಟರ್. ಮೇಲೆ ಮಣ್ಣಿನ ರಸ್ತೆ, ಕೆಳಗೆ ವರ್ಷದಲ್ಲಿ ಹತ್ತು ತಿಂಗಳು ಒಣಗಿರುವ ಮರಳು ಹಳ್ಳ. ಮೇಲಿನ ಎರಡು ಮೂಲೆ ಸರಿಯಾಗಿವೆ. ಕೆಳಗಿನ ಎಡ ಮೂಲೆಯ ಬೀಕನ್ನೂ ಇದೆ. ಬೀಕನ್ ಅಂದರೆ ನಮ್ಮ ಬಾಂದುಕಲ್ಲು. ಕೆಳಗಿನ ಬಲ ಮೂಲೆಯದು ಮಾತ್ರ ಮಾಯ. ಅಲ್ಲಿ ಗಡಿ ಅಂತ ಇರುವುದು ಪಕ್ಕದ ಮಾಮಾ ಅವರ (ಇಲ್ಲಿ ಮಾಮಾ ಅಂದರೆ ಅಮ್ಮ, ನಮ್ಮ ಸೋದರಮಾವ ಅಲ್ಲ) ಕತ್ತಾಳೆ ಸಾಲು.

ಕತ್ತಾಳೆ ಸಾಲನ್ನೇ ಗಡಿ ಅಂತ ಹಿಡಿದು ಫೋನಿನಲ್ಲಿ ಸುತ್ತಳತೆ ನಡೆದೆ. 1 ಎಕರೆ 27 ಗುಂಟೆ. ಇನ್ನೊಮ್ಮೆ ನಡೆದೆ. ಅಷ್ಟೇ. 13 ಗುಂಟೆ ಎಲ್ಲಿ?

ಇಲ್ಲಿ ಅಳತೆ ಸಡಿಲ ಅನ್ನುವುದು ಹೊಸದಲ್ಲ. 50×100 ಅಡಿ ಸೈಟಿಗೆ ಎಲ್ಲರೂ 'ಎಕರೆಯ ಎಂಟನೇ ಒಂದು' ಅಂತಾರೆ. ನಿಜವಾದ ಎಂಟನೇ ಒಂದು 5,445 ಚದರಡಿ, 50×100 ಅಂದರೆ 5,000. ಆ 445 ಅಡಿಯನ್ನು ಯಾರೂ ಕೇಳಲ್ಲ. ಆದರೆ 13 ಗುಂಟೆ ಅಂದರೆ ನಮ್ಮೂರಲ್ಲಿ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವಷ್ಟು ನೆಲ.

ಸರ್ವೇಯರ್‌ಗೆ ಫೋನ್ ಮಾಡಿದೆ. "ನಿಕೊ ನ್ಜಿಯಾನಿ" ಅಂದರು. ದಾರಿಯಲ್ಲಿದ್ದೇನೆ ಅಂತ ಅರ್ಥ. ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳುವ ಮಾತು ಅಂತಲೂ ಅರ್ಥ. ಐದು ವಾರದಿಂದ ಆ ಮನುಷ್ಯ ದಾರಿಯಲ್ಲೇ ಇದ್ದಾರೆ. ಅವರ ಫೀಸಿನ ಮೊದಲ ಕಂತು ಮಾತ್ರ ಎಂ-ಪೆಸಾದಲ್ಲಿ (ಫೋನಿನಲ್ಲೇ ಹಣ ಕಳಿಸುವ ವ್ಯವಸ್ಥೆ) ಮೂರು ಸೆಕೆಂಡಿನಲ್ಲಿ ತಲುಪಿತ್ತು.

ಸರಿ, ನಾನೇ ಹುಡುಕೋಣ ಅಂತ ಮ್ಯುಟೇಶನ್ ಫಾರಂ ನಕಲು ತೆಗೆಸಿದೆ. ಈ ಮಾತಿನಲ್ಲೂ ಎಡವಿದ್ದೇನೆ. ನಮ್ಮಲ್ಲಿ ಮ್ಯುಟೇಶನ್ ಅಂದರೆ ಪಹಣಿಯಲ್ಲಿ ಹೆಸರು ಬದಲಾಗುವುದು. ಇಲ್ಲಿ ಜಮೀನು ಒಡೆಯುವಾಗ ಸರ್ವೇಯರ್ ಬರೆಯುವ ಅಳತೆ ನಕ್ಷೆ, ಹೆಚ್ಚುಕಮ್ಮಿ ನಮ್ಮ 11ಇ ಇದ್ದ ಹಾಗೆ. "ನನ್ನ ಹೆಸರಿಗೆ ಮ್ಯುಟೇಶನ್ ಯಾವಾಗ ಆಗುತ್ತೆ?" ಅಂತ ವಕೀಲರನ್ನು ಎರಡು ವಾರ ಪೀಡಿಸಿದ್ದೆ. ಪಾಪ, ನಾನು ಕೊಳ್ಳುವ ಮೊದಲೇ ಒಡೆದು ಮಾರುವ ಆಸಾಮಿ ಅಂದುಕೊಂಡಿದ್ದರಂತೆ.

ನಕಲಿನಲ್ಲಿ ನಾಲ್ಕೂ ಬದಿಯ ಉದ್ದ ಇದೆ. ಹಾಗಾದರೆ ಸುಲಭ ಅಲ್ವಾ? ಮೇಲಿನ ಬಲ ಮೂಲೆಯಿಂದ 147, ಕೆಳಗಿನ ಎಡ ಮೂಲೆಯಿಂದ 55. ಎರಡು ಕಮಾನು ಎಲ್ಲಿ ಕೂಡುತ್ತವೋ ಅಲ್ಲಿ ಬೀಕನ್. ಬಲಗಡೆ ಬದಿಯಲ್ಲಿ ಟೇಪು ಎಳೆಯೋಕಾಗಲ್ಲ, ಕೇ ಆ್ಯಪಲ್ ಬೇಲಿ ಅಡ್ಡ. ಅದರ ಮುಳ್ಳು ಬೆರಳುದ್ದ, ನನ್ನ ಎರಡು ಅಂಗಿ ತಿಂದಿದೆ. ಅದಕ್ಕೇ ಫೋನಿನ ಜಿಪಿಎಸ್‌ನಿಂದ ಬಿಂದು ಲೆಕ್ಕ ಹಾಕಿ ಗುರುತು ಮಾಡಿದೆ. ಬಿಂದು ಹೋಗಿ ಬಿದ್ದದ್ದು ಮರಳು ಹಳ್ಳದ ಅಂಚಿಗೆ.

ಮೂರು ಶನಿವಾರ ಅಗೆದೆ. ಮೊದಲ ವಾರ ಕಲ್ಲು. ಎರಡನೇ ವಾರ ಇನ್ನೂ ದೊಡ್ಡ ಕಲ್ಲು. ಮೂರನೇ ವಾರ ಹಳೇ ಟೈರಿನಿಂದ ಮಾಡಿದ ಚಪ್ಪಲಿ, ಎಡಗಾಲಿನದು. ಹಳ್ಳಕ್ಕೆ ನೀರಿಗೆ ಬರುವ ಹುಡುಗರು ಸಾಲಾಗಿ ಕೂತು ನೋಡುತ್ತಿದ್ದರು. ಈ ಮುಹಿಂದಿ (ಇಂಡಿಯಾದವನು) ಚಿನ್ನ ಹುಡುಕುತ್ತಿದ್ದಾನೆ ಅಂತ ಊರಲ್ಲಿ ಸುದ್ದಿಯಾಯಿತು. ನಾಲ್ಕನೇ ವಾರ ಇನ್ನಿಬ್ಬರು ಗುದ್ದಲಿ ಹಿಡಿದು ಬಂದರು.

ಇನ್ನೊಂದು ಅನುಮಾನವೂ ತಲೆ ತಿನ್ನುತ್ತಿತ್ತು. ಎರಡೂ ಬೀಕನ್ ಇರುವ ಎಡಗಡೆ ಬದಿಯೂ ಪತ್ರದಲ್ಲಿ 147. ಫೋನಿನಲ್ಲಿ ಮಾತ್ರ 138. ಫೋನ್ ಜಿಪಿಎಸ್, ನಾಲ್ಕೈದು ಮೀಟರ್ ಆಚೀಚೆ ಆಗುತ್ತೆ ಅಂತ ಸುಮ್ನಿದ್ದೆ. ಒಂಬತ್ತು ಮೀಟರ್ ಆಗುತ್ತಾ? ಸರ್ವೇಯರ್ ಫೋನಿನಲ್ಲೇ ತೀರ್ಪು ಕೊಟ್ಟರು: "ಆ ಬೀಕನ್ ಯಾರೋ ಸರಿಸಿರಬೇಕು." ಅಲ್ಲಿಗೆ ಮೂರು ಮೂಲೆಯೂ ಎರಡಾದವು.

ಹಳೇ ನಕ್ಷೆಯನ್ನೇ ನಂಬೋಣ ಅಂದರೆ ಅದರ ಕತೆ ಬೇರೆ. ಬ್ರಿಟಿಷರ 1954ರ ಸ್ವಿನರ್ಟನ್ ಕೃಷಿ ಯೋಜನೆ ಶುರುವಾದ ಮೇಲೆ ಕೀನ್ಯಾದ ಹಳ್ಳಿ ಜಮೀನುಗಳಿಗೆ ಪತ್ರ ಕೊಡತೊಡಗಿದರು. ಒಂದೊಂದು ಹೊಲಕ್ಕೂ ಸರಪಳಿ ಹಿಡಿಯಲು ಜನ ಎಲ್ಲಿ ಬರಬೇಕು? ಗಡಿ ಮೇಲೆ ಬೇಲಿ ಬೆಳೆಸಿ ಅಂದರು. ವಿಮಾನದಿಂದ ಫೋಟೋ ತೆಗೆದರು. ದೊಡ್ಡದು ಮಾಡಿದ ಫೋಟೋದ ಮೇಲೆ ಬೇಲಿ ಕಂಡ ಕಡೆ ಗೆರೆ ಎಳೆದರು. ಬಯಲಾದರೆ ಸರಿ. ಗುಡ್ಡದಲ್ಲಿ ಮೇಲಿನ ಹೊಲ ಕ್ಯಾಮೆರಾಗೆ ಹತ್ತಿರ, ಕೆಳಗಿನದು ದೂರ, ಫೋಟೋ ತಿದ್ದದೇ ಬಿಟ್ಟರೆ ಅಳತೆ ಸೊಟ್ಟ. ಅದಕ್ಕೇ 2012ರ ಭೂ ನೋಂದಣಿ ಕಾಯ್ದೆಯೂ ಈ ಗೆರೆಗಳು ಅಂದಾಜು ಅಂತಲೇ ಒಪ್ಪಿಕೊಳ್ಳುತ್ತದೆ. ಗಡಿ ಜಗಳ ಮೊದಲು ರಿಜಿಸ್ಟ್ರಾರ್ ಹತ್ತಿರ ಹೋಗಬೇಕು, ನೇರ ಕೋರ್ಟಿಗಲ್ಲ. ನಮ್ಮ ಊರಿನ ಸರ್ವೇ ಟಿಪ್ಪಣಿ, 33 ಅಡಿ ಸರಪಳಿ, ಆಣೆ ಲೆಕ್ಕ ಇವನ್ನೆಲ್ಲ ಬೈಯುತ್ತಿದ್ದ ನಾನು ಮನಸ್ಸಿನಲ್ಲೇ ಕೈಮುಗಿದೆ.

ನಡುವೆ ಒಂದು ಸಿಹಿ ಸುದ್ದಿ. ಬೇಲಿ ಕಂಬದವನು 40 ಕಂಬ ಕಳಿಸಿದ. 'ಔಷಧಿ ಕುಡಿಸಿದ್ದು' ಅಂತ ಬಿಲ್ಲಿನಲ್ಲಿದೆ. ಮ್ಜೇ ಅವರ ಕೊಟ್ಟಿಗೆ ಹಿಂದೆ ಒಂದು ತಿಂಗಳು ಇಟ್ಟಿದ್ದಕ್ಕೆ ಆರು ಕಂಬಕ್ಕೆ ಗೆದ್ದಲು. ಔಷಧಿ ಕುಡಿಸಿದ್ದು ಗೆದ್ದಲಿಗಿರಬೇಕು, ಶಕ್ತಿ ಬರಲಿ ಅಂತ. ಆ ಆರು ಕಂಬವನ್ನು ಎಸೆಯಲ್ಲ. ಜೇನು ಪೆಟ್ಟಿಗೆಯ ಕಾಲು ಮಾಡುತ್ತೇನೆ. ಹೌದು, ಮುಂದಿನ ಯೋಜನೆ ಜೇನು. ಈ ಸೀಮೆಯವರು ಮರದ ದಿಮ್ಮಿ ಕೊರೆದು ಕೊಂಬೆಗೆ ತೂಗುಹಾಕಿ ಜೇನು ಸಾಕುತ್ತಾರೆ. ನಾನು ಕೀನ್ಯಾ ಟಾಪ್ ಬಾರ್ ಪೆಟ್ಟಿಗೆ ಮಾಡಬೇಕೆಂದಿದ್ದೇನೆ, ಬಾನಿಯಂತೆ ಇಳಿಜಾರು ಪಕ್ಕ, ಮೇಲೆ ಪಟ್ಟಿ, ಚೌಕಟ್ಟಿನ ಗೊಡವೆ ಇಲ್ಲ. ಪಟ್ಟಿಯ ಅಗಲ ಎಷ್ಟಿರಬೇಕು ಅಂತ ಮೂರು ಪುಟ ಬರೆದಿಟ್ಟಿದ್ದೇನೆ. ಒಂದೇ ಭಯ. ನಮ್ಮ ತುಡುವೆಗೆ ಬರಿಗೈಯಲ್ಲಿ ಎರಿ ತೆಗೆದ ಧೈರ್ಯ ಇಲ್ಲಿ ನಡೆಯಲ್ಲ. ಆಫ್ರಿಕಾದ ಜೇನು ಸಿಟ್ಟಾದರೆ ಊರಾಚೆವರೆಗೂ ಅಟ್ಟಿಸಿಕೊಂಡು ಬರುತ್ತೆ. ಜಮೀನೇ ಕೈಗೆ ಬಂದಿಲ್ಲ, ಜೇನಿನ ಕತೆ ಯಾಕೆ ಅಂತೀರಾ? ಸರಿ, ಬಿಟ್ಟೆ.

ಬೀಗ ತೆಗೆದದ್ದು ಸರ್ವೇಯರೂ ಅಲ್ಲ, ನಕ್ಷೆಯೂ ಅಲ್ಲ. ನೀರಿನ ಪೈಪು.

ಮ್ಜೇ ಅವರು ಕೆಳಗೆ ಸುಕುಮಾ ವಿಕಿ ಸೊಪ್ಪು ಹಾಕಿದ್ದಾರೆ. ರಸ್ತೆ ಪಕ್ಕದ ಟ್ಯಾಂಕಿನಿಂದ ಅಲ್ಲಿಗೆ ಒಂದು ಪೈಪು ಎಳೆದುಕೊಡು ಅಂದರು. ಹೇಗೂ ಮುಂದೆ ನನಗೂ ಬೇಕು. 50 ಮೀಟರಿನ ಮೂರು ಸುರುಳಿ ತಂದೆ. ಎಡಗಡೆ ಬದಿಯಲ್ಲೇ ಮೇಲಿನ ಬೀಕನ್‌ನಿಂದ ಕೆಳಗಿನ ಬೀಕನ್‌ಗೆ ಹಾಸಿದೆವು. 138 ಮೀಟರ್ ದೂರ, 150 ಮೀಟರ್ ಪೈಪು. 12 ಮೀಟರ್ ಉಳಿಯಬೇಕು. ಉಳಿದದ್ದು ಮೂರು ಮೀಟರ್.

ಅಂಗಡಿಯವನಿಗೆ ಅಲ್ಲಿಂದಲೇ ಫೋನ್ ಮಾಡಿ ಬೈದೆ. ಒಂಬತ್ತು ಮೀಟರ್ ನುಂಗಿದ್ದೀಯಾ, ಕಂಬದವನ ತಮ್ಮನೇ ಇರಬೇಕು ನೀನು ಅಂದೆ. ಆತ ತಣ್ಣಗೆ, "ಅಳೆದು ನೋಡಿ ಬಾಸ್, ಆಮೇಲೆ ಬೈಯಿರಿ" ಅಂದ. ಪೈಪು ಬಿಚ್ಚಿ ಮೇಲಿನ ರಸ್ತೆಯಲ್ಲಿ ಹಾಸಿ ಟೇಪು ಹಿಡಿದೆ. 50. 50. 50.

ಪೈಪು ಸರಿ. ಫೋನು ಸರಿ. ಎರಡೂ ಸರಿಯಾಗಿರುವುದು ಹೇಗೆ? ಟೇಪು ಕೈಯಲ್ಲಿ ಹಿಡಿದು ರಸ್ತೆ ಅಂಚಿನಲ್ಲಿ ನಿಂತು ಕೆಳಗೆ ನೋಡಿದೆ. ಹೊಲ ಕಾಲಡಿಯಿಂದ ಜಾರಿಕೊಂಡು ಹೋಗುತ್ತಿದೆ. ಥೂ, ನನ್ನ ಬುದ್ಧಿಗೆ!

ಹೊಲ ಇಳಿಜಾರು. ಫೋನಿನ ಕೋನಮಾಪಕ 20 ಡಿಗ್ರಿ ತೋರಿಸಿತು. ಪೈಪು ಮಲಗುವುದು ಇಳಿಜಾರಿನ ಮೇಲೆ, ಫೋನು ಲೆಕ್ಕ ಹಾಕುವುದು ಮಟ್ಟದ ದೂರ. ಇಳಿಜಾರಿನ ಉದ್ದವನ್ನು ಮಟ್ಟಕ್ಕೆ ಇಳಿಸಲು ಕೊಸೈನ್‌ನಿಂದ ಗುಣಿಸಬೇಕು; 20 ಡಿಗ್ರಿಯ ಕೊಸೈನ್ 0.94. 147 ಗುಣಿಸು 0.94, ಸರಿಯಾಗಿ 138. ಸರ್ವೇಯರ್ ಕಡೆಯ ಹುಡುಗರು ಒಡೆಯುವಾಗ ಟೇಪನ್ನು ನೆಲದ ಮೇಲೆ ಹಾಸಿ ಅಳೆದಿದ್ದಾರೆ. ಮಟ್ಟವಾಗಿ ಎತ್ತಿ ಹಿಡಿದು, ತೂಗುಗುಂಡು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆಯಬೇಕಿತ್ತು. ಅಂದರೆ ಎಡಗಡೆ ಬೀಕನ್ ಯಾರೂ ಸರಿಸಿಲ್ಲ. ಮೂರು ವಾರ ಬೀಕನ್ ಇರುವ ಜಾಗದಿಂದ ಒಂಬತ್ತು ಮೀಟರ್ ಕೆಳಗೆ ಅಗೆದವನು ನಾನು.

147 ಅಳಿಸಿ 138 ಹಾಕಿ ಬಿಂದು ಮತ್ತೆ ಲೆಕ್ಕ ಹಾಕಿದೆ. ಈ ಸಲ ಬಿದ್ದದ್ದು ಕತ್ತಾಳೆ ಸಾಲಿನಿಂದ 12 ಮೀಟರ್ ಆಚೆ, ಮಾಮಾ ಅವರ ನೇಪಿಯರ್ ಹುಲ್ಲಿನ ಪಕ್ಕ. ಅಲ್ಲಿ ಮೇಕೆ. ಮೇಕೆಯ ಹಗ್ಗ ಒಂದು ತುಕ್ಕು ಸರಳಿಗೆ. ಆ ಸರಳನ್ನು ನಾನು ಎರಡು ಸಲ ಎಡವಿದ್ದೇನೆ. ಮೇಕೆ ಬಿಚ್ಚಿ ಸುತ್ತ ಕೆರೆದೆ. ನಾಲ್ಕು ಬೆರಳು ಆಳದಲ್ಲಿ ಕಾಂಕ್ರೀಟು. ಬಟ್ಟಲಿನಷ್ಟು ಅಗಲ, ಮಧ್ಯದಲ್ಲಿ ಸರಳು. ಕೂಗಿದ ರಭಸಕ್ಕೆ ಮೇಕೆ ಹಗ್ಗ ಕಿತ್ತುಕೊಂಡು ಓಡಿತು, ಅರ್ಧ ಗಂಟೆ ಅದರ ಹಿಂದೆ ನಾನು.

ಮಾಮಾ ಅವರು ಒತ್ತುವರಿ ಮಾಡಿದ್ದರಾ? ಇಲ್ಲ. ಅವರೇ ಕರೆದುಕೊಂಡು ಹೋಗಿ ತೋರಿಸಿದರು. ಹಿಂದೆ ಒಂದು ಜೋರು ಮಳೆಗೆ ಅಲ್ಲಿ ಕೊರಕಲು ಬಿದ್ದಿತ್ತಂತೆ. ಮಣ್ಣು ಹಿಡಿಯಲಿ ಅಂತ ಕೊರಕಲಿನ ಈಚೆ ಅಂಚಿಗೆ ಕತ್ತಾಳೆ ನೆಟ್ಟರು. ಆಮೇಲೆ ಕೊರಕಲು ತುಂಬಿತು, ಹುಲ್ಲು ಬಂತು, ಕತ್ತಾಳೆ ಮರಿ ಹಾಕಿಕೊಂಡು ಸಾಲಾಯಿತು, ಸಾಲು ಗಡಿಯಾಯಿತು. "ಹುಲ್ಲು ಕೊಯ್ದುಕೊಳ್ಳುತ್ತೇನೆ, ಆಮೇಲೆ ನಿನ್ನ ಬೇಲಿ ಹಾಕಿಕೋ" ಅಂದರು. ನಾನು ರಿಜಿಸ್ಟ್ರಾರ್‌ಗೆ ಬರೆದಿಟ್ಟಿದ್ದ ಅರ್ಜಿ ಜೇಬಿನಲ್ಲೇ ಉಳಿಯಿತು. ಬಾಳೆಹಣ್ಣು ಕೊಟ್ಟು ಕಳಿಸಿದರು.

ಈಗ ಲೆಕ್ಕ. ಕಾಣೆಯಾದ 13 ಗುಂಟೆಯಲ್ಲಿ ಎಂಟು ಕತ್ತಾಳೆಯ ಆಚೆ ಸಿಕ್ಕಿತು. ಉಳಿದ ಐದು ಗುಂಟೆ ಭೂಮಿಯ ಮೇಲೆ ಯಾವತ್ತೂ ಇರಲಿಲ್ಲ. ಇಳಿಜಾರಿನಲ್ಲಿ ಹುಟ್ಟಿ ಕಾಗದದಲ್ಲಿ ಬೆಳೆದದ್ದು. ಆ ಐದಕ್ಕೆ ದುಡ್ಡು ಕಳೆಯಿರಿ ಅಂತ ಮ್ಜೇ ಅವರ ಹತ್ತಿರ ಹೋದೆ. ಕಾಗದದ ಮೇಲೆ ತ್ರಿಕೋನ ಬರೆದು ತೋರಿಸಿದೆ. ಅವರು ಪೂರ್ತಿ ಕೇಳಿ, ಚಹಾ ಹೀರಿ, ಕೇಳಿದರು: "ನೀನು ಜೋಳ ಬಿತ್ತುವಾಗ ನೆಲದ ಮೇಲೆ ನಡೆಯುತ್ತೀಯಾ, ಗಾಳಿಯಲ್ಲಿ ನಡೆಯುತ್ತೀಯಾ? ಕಳೆ ಕೀಳುವಾಗ 147 ಕಿತ್ತು, ದುಡ್ಡು ಕೊಡುವಾಗ 138 ಕೊಡ್ತೀಯಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಪೈರು ನೆಟ್ಟಗೆ ಮೇಲಕ್ಕೆ ಬೆಳೆಯುತ್ತೆ, ಬಿಸಿಲು ಮಟ್ಟದ ಲೆಕ್ಕಕ್ಕೇ ಬೀಳುತ್ತೆ ಅಂತ ಶುರು ಮಾಡಿದೆ. ಅವರ ಹೆಂಡತಿ ನಗತೊಡಗಿದರು, ನಿಲ್ಲಿಸಿದೆ. ಕೊನೆಗೆ ಎರಡೂವರೆ ಗುಂಟೆಯ ದುಡ್ಡು ಬಿಟ್ಟರು, ಇನ್ನೆರಡೂವರೆ ನನ್ನ ತಲೆಗೆ.

ಮುಂದಿನದು ಬೋರ್ಡು. ಕರಾರು ಆದ ಆರು ತಿಂಗಳೊಳಗೆ ಒಪ್ಪಿಗೆಗೆ ಅರ್ಜಿ ಹಾಕಬೇಕು, ಇಲ್ಲದಿದ್ದರೆ ವ್ಯವಹಾರವೇ ರದ್ದು. ಮೂಲೆ ಸಿಗಲಿ ಅಂತ ತಡೆದು ತಡೆದು ಈಗ ಏಳು ವಾರ ಉಳಿದಿದೆ. ಸೋಮವಾರ ಅರ್ಜಿ ಹೋಗುತ್ತೆ. ಮ್ಜೇ ಅವರ ಹೆಂಡತಿಯ ಸಹಿ ಆಗಿದೆ. ಬೋರ್ಡಿನವರು ಅವರನ್ನೂ ಮಕ್ಕಳನ್ನೂ ಎದುರಿಗೆ ನಿಲ್ಲಿಸಿ ನಿಮಗೆ ಒಪ್ಪಿಗೆಯಾ ಅಂತ ಕೇಳುತ್ತಾರೆ. ಕೇಳಬೇಕಾದ್ದೇ. ಈ ರಸ್ತೆಯುದ್ದಕ್ಕೂ ಗೋಡೆಗಳ ಮೇಲೆ "ಶಾಂಬಾ ಹಿಲಿ ಹಲಿಉಜ್ವಿ", ಈ ಹೊಲ ಮಾರಾಟಕ್ಕಿಲ್ಲ, ಅಂತ ಬಣ್ಣದಲ್ಲಿ ಬರೆದದ್ದು ಸುಮ್ನೆ ಅಲ್ಲ. ಮನೆಯವರಿಗೇ ಗೊತ್ತಿಲ್ಲದೆ ಮಾರಿದ ಕತೆಗಳು ಇಲ್ಲಿ ಬೇಕಾದಷ್ಟಿವೆ. ಒಪ್ಪಿಗೆ ಸಿಕ್ಕರೆ ಶೇ. 2 ಸ್ಟ್ಯಾಂಪ್ ಡ್ಯೂಟಿ, ಆಮೇಲೆ ಪತ್ರ.

ಪೈಪಿನ ಅಂಗಡಿಯವನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಇನ್ನೊಂದು ಸುರುಳಿ ತಗೋ, ಕ್ಷಮಿಸುತ್ತೇನೆ ಅಂದ. ತಗೊಂಡೆ. ಸರ್ವೇಯರ್ ಇನ್ನೂ ದಾರಿಯಲ್ಲಿದ್ದಾರೆ. ಮೇಕೆಗೆ ಹೊಸ ಗೂಟ ತಂದು, ಕತ್ತಾಳೆಯಿಂದ ದೂರ, ಅನುಮಾನವೇ ಬರದ ಹಾಗೆ ಮಾಮಾ ಅವರ ಹೊಲದ ನಟ್ಟನಡುವೆ ಹೊಡೆದು ಬಂದಿದ್ದೇನೆ. 350 ಶಿಲ್ಲಿಂಗ್, ಜಮೀನಿನ ಖರ್ಚಿನಲ್ಲೇ ಬರೆದಿದ್ದೇನೆ.