ಹುಲ್ಲಿಗೆ ಕಾಲಂ ಇಲ್ಲ

ಜೂನ್ 5ರ ಪರಿಸರ ದಿನ ಹತ್ತಿರ ಬಂತೆಂದರೆ ನಮ್ಮಂಥ ಟ್ರಸ್ಟ್ ನಡೆಸೋರಿಗೆ ತಲೆಬಿಸಿ. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ದುಡ್ಡು ಕೊಟ್ಟವರಿಗೆ ಸಸಿ ನೆಡಬೇಕು, ಬ್ಯಾನರ್ ಹಿಡಿದು ಜಿಯೋಟ್ಯಾಗ್ ಫೋಟೋ ಬೇಕು. ನಮ್ಮ ಜಾಗವೋ ರಾಣೆಬೆನ್ನೂರು ಕಡೆಯ ಹುಲ್ಲುಗಾವಲು. ಬಳ್ಳಾರಿ ಜಾಲಿ ಕಿತ್ತು ಉಳಿಸಿಕೊಂಡದ್ದು. ಸುಮ್ನೆ ಕಡಿದರೆ ಅದು ಬುಡದಿಂದ ಮತ್ತೆ ಚಿಗುರುತ್ತೆ. ಬೇರುಸಮೇತ ತೆಗೆದರೂ ಆಡುಗಳು ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತಿ ಹೋಗುತ್ತವೆ.

ಆವತ್ತು ಟೆಂಪೊ ತುಂಬ ಗುಲ್‌ಮೊಹರ್, ಸುಬಾಬುಲ್ ಬಂದಿಳಿದವು. ಹಿಂದೆಯೇ ಜೆಸಿಬಿ. "ಬರೇ ಬಯಲು ಬಿದ್ದೈತಲ್ರಿ, ಕಾಡು ಮಾಡೋಣ" ಅಂದರು ಕಂಪನಿಯ ಮ್ಯಾನೇಜರ್. ಪಿಪಿಟಿಯಲ್ಲಿ ಎಲ್ಲ ತೋರಿಸಿದ್ದೆ, ತಲೆಯಾಡಿಸಿದ್ದರು. ಚಹಾ ಬಂದದ್ದಕ್ಕೆ ಆಡಿಸಿದ್ದಿರಬೇಕು.

ಗುಂಡಿ ತೋಡೋಕೆ ಶುರು ಮಾಡಿದ್ದೇ ತಡ, ನೆಲದ ಮೇಲೇ ತತ್ತಿ ಇಡೋ ಟಿಟ್ಟಿಭ ಹಕ್ಕಿ ಜೋಡಿ ಕಿರುಚುತ್ತಾ ಬಕೆಟ್ ಸುತ್ತ ಹಾರಾಡತೊಡಗಿತು. ನಮ್ಮ ವಾಚರ್ ಕಾಕಾ ಓಡಿಹೋಗಿ ಅದರ ಮುಂದೆಯೇ ಕುಕ್ಕರಗಾಲಲ್ಲಿ ಕುಂತುಬಿಟ್ಟರು.

"ತಡಿಯೋ ತಮ್ಮಾ, ಇಲ್ಲೆ ತತ್ತಿ ಅದಾವು."

"ಎಲ್ಲಿ ಕಾಕಾ? ಬರೇ ಹರಳ ಕಾಣ್ತಾವ."

ಇಂಜಿನ್ ಬಂದ್ ಆಗಲಿಲ್ಲ. ನಾನು ಮ್ಯಾನೇಜರ್ ಮುಖ ನೋಡಿದೆ, ಅವರು ಗಡಿಯಾರ ನೋಡಿದರು. ಕಂಪನಿ ಸಾಹೇಬರು ಹನ್ನೊಂದಕ್ಕೆ ಬರೋರು. ಬಕೆಟ್ ಕಾಕಾನ ತಲೆಯ ಮೇಲೇ ತೂಗುತ್ತಿತ್ತು. ಕೊನೆಗೆ ಡ್ರೈವರ್ ತಾನೇ ಇಳಿದು ಬಂದು ಬಗ್ಗಿದ. ಹರಳಿನ ನಡುವೆ ನಾಲ್ಕು ತತ್ತಿ, ಚೂಪು ತುದಿ ಒಳಮುಖವಾಗಿ, ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಮಾತಾಡದೆ ಹೋಗಿ ಗಾಡಿ ಹಿಂದಕ್ಕೆ ತಗೊಂಡ. ಮ್ಯಾನೇಜರ್ ಮಾತ್ರ, "ಎರಡು ಫೂಟ್ ಆಕಡೆ ತೋಡಿದ್ರೆ ನಡೀತದಲ್ರಿ?"

ನಡೆಯಲ್ಲ. ತತ್ತಿ ಮಾತೊಂದೇ ಅಲ್ಲ, ಚಿಗರಿಗೆ (ಕೃಷ್ಣಮೃಗ) ದೂರದ ತನಕ ಕಣ್ಣು ಹಾಯಬೇಕು, ಓಡೋಕೆ ಬಯಲು ಬೇಕು. ಇಲ್ಲೇ ರಾಣೆಬೆನ್ನೂರಿನಲ್ಲಿ ಅವಕ್ಕೆಂದೇ 1974ರಲ್ಲಿ ಅಭಯಾರಣ್ಯ ಆಯಿತು, 119 ಚದರ ಕಿ.ಮೀ. ಅದರೊಳಗೂ ಎಷ್ಟೋ ಕಡೆ ನೀಲಗಿರಿ ತೋಪೇ. ನಮ್ಮಲ್ಲಿಗೆ ಬರುವ ಹುಬ್ಬಳ್ಳಿಯ ಶಾಲೆ ಮಕ್ಕಳಿಗೆ ಇದು ಬೇಗ ತಿಳಿಯುತ್ತೆ (ಚಿಗರಿ ಅಂದ್ರೆ ಅವರಿಗೆ ಮೊದಲು ಅದೇ ಹೆಸರಿನ ಬಿಆರ್‌ಟಿಎಸ್ ಸಿಟಿ ಬಸ್ಸೇ ನೆನಪಾಗೋದು, ಇರಲಿ). ಟೈ ಕಟ್ಟಿದವರಿಗೇ ಕಷ್ಟ.

ಸಾಹೇಬರು ಬೇಲಿಗುಂಟ ಬೇವು ನೆಟ್ಟು, ಫೋಟೋ ತೆಗೆಸಿಕೊಂಡು ಹೋದರು. ಉಳಿದ ಸಸಿ ಟೆಂಪೊದಲ್ಲೇ ವಾಪಸ್.

ಈಗ ಎಂಒಯು ಅಂದ್ರೆ ಒಪ್ಪಂದ ಪತ್ರದಲ್ಲೇ ಬರೆಸುತ್ತೇನೆ: ಮಾರ್ಚ್‌ನಿಂದ ಮಳೆಗಾಲ ಮುಗಿಯೋವರೆಗೆ ಬಯಲಿಗೆ ಜೆಸಿಬಿ ಇಳಿಸುವಂತಿಲ್ಲ. ಕಾಕಾನ ಜೊತೆ ಒಂದು ಸುತ್ತು ನಡೆಯದವರಿಗೆ ಪಿಪಿಟಿಯೂ ಇಲ್ಲ. ಆ ಸಲದ ಯುಸಿ (ದುಡ್ಡು ಬಳಸಿದ್ದಕ್ಕೆ ಕೊಡೋ ಪ್ರಮಾಣಪತ್ರ) ಮಾತ್ರ ಹೋಗೋದು, ಬರೋದು ಆಗಿದೆ. ಅದರಲ್ಲಿ ‘ಬದುಕಿದ ಸಸಿಗಳ ಸಂಖ್ಯೆ’ಗೆ ಕಾಲಂ ಉಂಟು, ಹುಲ್ಲಿಗೆ ಇಲ್ಲ. ಬೇವಿನ ಲೆಕ್ಕ ತುಂಬಿ ಕಳಿಸಿದ್ದೇನೆ. ಎರಡನೇ ಕಂತು ಇನ್ನೂ ಬಂದಿಲ್ಲ.